ಬಳ್ಳಾರಿ ಧೂಳಿನಲ್ಲಿ ಮಸ್ಟಾಂಗ್: ಇಂಟೇಕ್ ಬದಲಿಸಬೇಕಾ, ಟ್ಯೂನ್ ಮಾಡಿಸಬೇಕಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಬಳ್ಳಾರಿಯವನು. ಹೋದ ವರ್ಷ ಬೆಂಗಳೂರಿಂದ ಒಂದು ಸೆಕೆಂಡ್ ಹ್ಯಾಂಡ್ ಫೋರ್ಡ್ ಮಸ್ಟಾಂಗ್ ಜಿಟಿ ತಗೊಂಡೆ. 2017ರ ಮಾಡೆಲ್, 5 ಲೀಟರ್ ವಿ8, ಆಟೋಮ್ಯಾಟಿಕ್. ದಿನಾ ಓಡಿಸಲ್ಲ. ವಾರಕ್ಕೆ ಒಂದೆರಡು ಸಲ ಹೊಸಪೇಟೆ, ಕೊಪ್ಪಳ ಕಡೆ, ಕೆಲಸ ಇದ್ದಾಗ ಸಂಡೂರು. ಕೋಲ್ಡ್ ಏರ್ ಇಂಟೇಕ್ (ಎಂಜಿನ್‌ಗೆ ಗಾಳಿ ತರೋ ಪೈಪ್, ಫಿಲ್ಟರ್ ಸೆಟ್) ಹಾಕಿಸಿ ಟ್ಯೂನ್ (ಎಂಜಿನ್ ಕಂಪ್ಯೂಟರ್‌ನ ಸೆಟ್ಟಿಂಗ್ ಬದಲಾವಣೆ) ಮಾಡಿಸಿದರೆ 50 ಹಾರ್ಸ್‌ಪವರ್ ಏರುತ್ತೆ ಅಂತ ಒಬ್ಬ ಟ್ಯೂನರ್ ಹೇಳ್ತಿದ್ದಾರೆ. 93 ಆಕ್ಟೇನ್ ಫೈಲ್ ಹಾಕ್ತಾರಂತೆ, ನಮ್ಮ ಬಂಕಲ್ಲಿ 95 ಸಿಗುತ್ತಲ್ಲ, ಏನೂ ತೊಂದರೆ ಇಲ್ಲ ಅಂತಾರೆ. ಎಣ್ಣೆ ಹಚ್ಚೋ ಫಿಲ್ಟರ್ ಒಳ್ಳೇದಾ? ಮಾಡಿಸಲಾ, ಬೇಡವಾ?

ಉತ್ತರ: ಮಾಡಿಸಲೇಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಅವರು ಹೇಳಿದ ಹಾಗೆ ಬೇಡ, ಅವರು ಹೇಳಿದ ಕ್ರಮದಲ್ಲೂ ಬೇಡ. 93 ಮತ್ತು 95ರ ವಿಷಯ ಮೊದಲು ಮುಗಿಸೋಣ. ಇವು ಆಕ್ಟೇನ್ ಅಂಕಿಗಳು, ಅಂದರೆ ಪೆಟ್ರೋಲ್ ತಾನಾಗಿ ಸಿಡಿಯದೆ ಎಷ್ಟು ತಡೆದುಕೊಳ್ಳುತ್ತದೆ ಅನ್ನುವುದರ ಅಳತೆ. ಫೈಲ್ ಅಂದರೆ ಎಂಜಿನ್ ಕಂಪ್ಯೂಟರ್‌ಗೆ ತುಂಬುವ ಸೆಟ್ಟಿಂಗ್‌ಗಳು. ನಿಮ್ಮ ಎಂಜಿನ್ ಹಾಳಾಗುವುದಿದ್ದರೆ ಅಲ್ಲಿಂದಲೇ ಶುರುವಾಗುತ್ತದೆ.

ಅಮೆರಿಕದ ಬಂಕ್‌ನಲ್ಲಿ ಬರೆದಿರುವ 93 ಮತ್ತು ನಮ್ಮ ಬಂಕ್‌ನಲ್ಲಿ ಬರೆದಿರುವ 95 ಒಂದೇ ಅಳತೆಯಲ್ಲ. ನಮ್ಮಲ್ಲಿ ಹೇಳುವುದು ರಿಸರ್ಚ್ ಆಕ್ಟೇನ್ ನಂಬರ್, ಅಂದರೆ ಆರ್‌ಒಎನ್. ಅವರು ಆರ್‌ಒಎನ್ ಮತ್ತು ಮೋಟರ್ ಆಕ್ಟೇನ್ ನಂಬರ್ ಎರಡನ್ನೂ ಕೂಡಿಸಿ ಅರ್ಧ ಮಾಡಿ ಬರೆಯುತ್ತಾರೆ. ಮೋಟರ್ ನಂಬರ್ ಸಾಮಾನ್ಯವಾಗಿ 8ರಿಂದ 10 ಕಮ್ಮಿ ಇರುತ್ತದೆ. ಹಾಗಾಗಿ ಅವರ 93 ನಮ್ಮ ಲೆಕ್ಕದಲ್ಲಿ 97–98. ನಮ್ಮ 95 ಅವರ ಲೆಕ್ಕದಲ್ಲಿ 90–91 ಅಷ್ಟೇ. ಅಂದರೆ 93ರ ಫೈಲ್ ಹಾಕಿಸಿ ನಮ್ಮ 95 ತುಂಬಿಸಿದರೆ ನೀವು ಸೇಫ್ ಆಗಿಲ್ಲ, ಎರಡು ಮೂರು ಪಾಯಿಂಟ್ ಸಾಲ ಮಾಡಿಕೊಂಡು ಓಡಿಸುತ್ತಿದ್ದೀರಿ. ಮಸ್ಟಾಂಗ್‌ಗೆ ಬರುವ ಟ್ಯೂನ್ ಫೈಲ್‌ಗಳಲ್ಲಿ ಹೆಚ್ಚಿನವು ಅಮೆರಿಕದಿಂದಲೇ ಬರುವುದರಿಂದ ಅವುಗಳ ಮೇಲಿನ ನಂಬರ್ ಯಾವಾಗಲೂ ಅಲ್ಲಿನ ಲೆಕ್ಕದ್ದು. ಇದು ಗೊತ್ತಿಲ್ಲದ ಟ್ಯೂನರ್ ಕೈಗೆ 401 ಪಿಎಸ್ (ಹೆಚ್ಚುಕಮ್ಮಿ ಹಾರ್ಸ್‌ಪವರ್‌ನಷ್ಟೇ ಇರುವ ಅಳತೆ) ಗಾಡಿ ಕೊಡಬೇಡಿ. ಗೊತ್ತಿದ್ದೂ ಹಾಗೆ ಹೇಳಿದ್ದರೆ ಕೊಡಲೇಬೇಡಿ.

ಆಕ್ಟೇನ್ ಕಮ್ಮಿಯಾದರೆ ಏನಾಗುತ್ತದೆ? ಸ್ಪಾರ್ಕ್‌ನಿಂದ ಶುರುವಾದ ಬೆಂಕಿ ಸಿಲಿಂಡರ್ ತುಂಬಾ ಹರಡುವ ಮುಂಚೆಯೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿಯೇ ಸಿಡಿಯುತ್ತದೆ. ಇದೇ ನಾಕಿಂಗ್. ನಿಮ್ಮ ಎಂಜಿನ್‌ನ ಕಂಪ್ರೆಷನ್ 11:1, ಅಂದರೆ ಮಿಶ್ರಣವನ್ನು ಹನ್ನೊಂದನೇ ಒಂದು ಭಾಗಕ್ಕೆ ಒತ್ತುತ್ತದೆ, ಸಾಕಷ್ಟು ಜಾಸ್ತಿಯೇ. ಕಂಪನಿ ಫೈಲ್ ಇದ್ದಾಗ ನಾಕ್ ಸೆನ್ಸರ್ ಕೇಳಿಸಿಕೊಂಡು ಕಂಪ್ಯೂಟರ್ ಇಗ್ನಿಷನ್ ಟೈಮಿಂಗನ್ನು, ಅಂದರೆ ಸ್ಪಾರ್ಕ್ ಹೊಡೆಯುವ ಹೊತ್ತನ್ನು, ಹಿಂದಕ್ಕೆ ಎಳೆಯುತ್ತದೆ. ಪವರ್ ಸ್ವಲ್ಪ ಹೋಗುತ್ತದೆ, ಎಂಜಿನ್ ಉಳಿಯುತ್ತದೆ. ಟ್ಯೂನ್ ಫೈಲ್‌ನಲ್ಲಿ ಟೈಮಿಂಗ್ ಮೊದಲೇ ಮುಂದಕ್ಕೆ ತಳ್ಳಿರುತ್ತಾರೆ. ಕೆಲವರು ನಾಕ್ ಸೆನ್ಸರ್‌ನ ಕಿವಿಯನ್ನೂ ಮಂದ ಮಾಡಿರುತ್ತಾರೆ, ಡೈನೋ (ಗಾಡಿಯ ಪವರ್ ಅಳೆಯುವ ಯಂತ್ರ) ಗ್ರಾಫ್ ಚೆನ್ನಾಗಿ ಕಾಣಲಿ ಅಂತ. ಆಮೇಲೆ ಒಂದು ದಿನ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಮುರಿಯುತ್ತದೆ. ಅದಕ್ಕೆ ರಿಪೇರಿ ಅಂತ ಇಲ್ಲ, ಎಂಜಿನ್ ಬಿಚ್ಚಬೇಕು.

100 ಆಕ್ಟೇನ್ ಪೆಟ್ರೋಲ್ ನಮ್ಮ ದೇಶದಲ್ಲೂ ಇದೆ. ಇಂಡಿಯನ್ ಆಯಿಲ್ 2020ರ ಡಿಸೆಂಬರ್‌ನಲ್ಲಿ ತಂದಿತು. ಆದರೆ ಅದು ಮುಖ್ಯವಾಗಿ ದೊಡ್ಡ ಊರುಗಳ ಆಯ್ದ ಬಂಕ್‌ಗಳ ಮಾಲು. ಟ್ಯೂನ್ ಮಾಡಿಸುವ ದಿನ ಬೆಂಗಳೂರಲ್ಲಿ 100 ತುಂಬಿಸಿ ಡೈನೋ ಮೇಲೆ ಓಡಿಸಿ, ಕಾಗದ ಕೈಗೆ ಕೊಟ್ಟು ಕಳಿಸಿದರೆ ಆ ಅಂಕಿ ಚಳ್ಳಕೆರೆ ದಾಟಿ ಬರುವುದಿಲ್ಲ. ನಿಮಗೆ ವರ್ಷಪೂರ್ತಿ, ಊರಿನ ಬಂಕ್‌ನಲ್ಲಿ, ಖಾತ್ರಿಯಾಗಿ ಸಿಗುವ ಪೆಟ್ರೋಲ್ ಯಾವುದೋ ಅದಕ್ಕೆ ಫೈಲ್ ಬರೆಸಬೇಕು. 95 ಅಂದರೆ ಅಮೆರಿಕದ 91ರ ಫೈಲ್, ಅದರಲ್ಲೂ ಸ್ವಲ್ಪ ಕೈ ಬಿಗಿ ಹಿಡಿದಿದ್ದು.

ಈಗ ಇಂಟೇಕ್. ಇಲ್ಲಿ ಜನ ಅಂದುಕೊಳ್ಳುವುದು ಒಂದು, ನಡೆಯುವುದು ಒಂದು.

ನಿಮ್ಮ ಎಂಜಿನ್ 6,500 ಆರ್‌ಪಿಎಮ್‌ನಲ್ಲಿ ಸೆಕೆಂಡಿಗೆ ಸುಮಾರು 268 ಲೀಟರ್ ಗಾಳಿ ಎಳೆಯುತ್ತದೆ. 4,951 ಸಿಸಿ, ಎರಡು ಸುತ್ತಿಗೆ ಒಂದು ಸಲ ತುಂಬುತ್ತದೆ, ಲೆಕ್ಕ ನೀವೇ ಹಾಕಬಹುದು. ಈ ಗಾಳಿಗೆ ಫಿಲ್ಟರ್ ಮತ್ತು ಏರ್ ಬಾಕ್ಸ್ ಎಷ್ಟು ಅಡ್ಡ ಬರುತ್ತಿವೆ ಅನ್ನುವುದೇ ಪ್ರಶ್ನೆ. ಜಾಸ್ತಿ ಅಡ್ಡ ಬರುತ್ತಿದ್ದರೆ ಬದಲಿಸಿದಾಗ ಪವರ್ ಸಿಗುತ್ತದೆ. ಅಡ್ಡವೇ ಬರುತ್ತಿಲ್ಲ ಅಂದರೆ ಸದ್ದು ಮಾತ್ರ ಸಿಗುತ್ತದೆ. ಇದನ್ನು ಊಹಿಸಬೇಕಾಗಿಲ್ಲ, ಅಳೆಯಬಹುದು. ಅದೂ ನೂರಿನ್ನೂರು ರೂಪಾಯಿಯಲ್ಲಿ.

ಮಟ್ಟ ನೋಡಲು ಗಾರೆ ಕೆಲಸದವರು ಬಳಸುವ ಪಾರದರ್ಶಕ ಪೈಪ್ ಇದೆಯಲ್ಲ, ಅದನ್ನು ಒಂದು ಹಲಗೆ ಮೇಲೆ ಇಂಗ್ಲಿಷಿನ ಯು ಆಕಾರದಲ್ಲಿ ಕಟ್ಟಿ. ಎರಡೂ ಕಾಲು ಕನಿಷ್ಠ 60 ಸೆಂ.ಮೀ. ಉದ್ದ ಇರಲಿ, ಇಲ್ಲದಿದ್ದರೆ ನೀರು ಎಂಜಿನ್ ಕಡೆ ಹೋಗುತ್ತದೆ. ಅರ್ಧದವರೆಗೆ ಬಣ್ಣದ ನೀರು ಹಾಕಿ. ಒಂದು ತುದಿ ಹೊರಗಿನ ಗಾಳಿಗೆ ತೆರೆದಿರಲಿ, ಇನ್ನೊಂದು ತುದಿ ಏರ್ ಬಾಕ್ಸ್‌ನ ಮುಚ್ಚಳದೊಳಗೆ, ಫಿಲ್ಟರ್ ದಾಟಿದ ಕೂಡಲೇ ಬರುವ ಅಗಲವಾದ ಜಾಗಕ್ಕೆ ಸೇರಲಿ. ಅದಕ್ಕೆ ಮುಚ್ಚಳದಲ್ಲಿ ಸಣ್ಣ ತೂತು ಕೊರೆದು ರಬ್ಬರ್ ಬುಷ್ ಹಾಕಬೇಕು, ಕೆಲಸ ಮುಗಿದ ಮೇಲೆ ಗಟ್ಟಿಯಾಗಿ ಮುಚ್ಚಬೇಕು. ಥ್ರಾಟಲ್‌ಗೆ (ಎಂಜಿನ್ ಒಳಗೆ ಗಾಳಿ ಬಿಡುವ ಬಾಗಿಲು) ಹೋಗುವ ಕಿರಿದಾದ ಪೈಪ್‌ಗೆ ಮಾತ್ರ ಚುಚ್ಚಬೇಡಿ. ಅಲ್ಲಿ ಗಾಳಿಯ ವೇಗವೇ ಒತ್ತಡ ಇಳಿಸುತ್ತದೆ, ಆ ಅಂಕಿ ನೋಡಿ ಫಿಲ್ಟರ್ ಕೆಟ್ಟಿದೆ ಅಂತ ತಪ್ಪು ತಿಳಿಯುತ್ತೀರಿ. ಡೈನೋ ಮೇಲೆ ಪೂರ್ತಿ ಥ್ರಾಟಲ್ ಕೊಟ್ಟಾಗ ಎರಡು ಕಾಲುಗಳ ನೀರಿನ ಮಟ್ಟದಲ್ಲಿ ಎಷ್ಟು ವ್ಯತ್ಯಾಸ ಬಂತು ಅಂತ ನೋಡಿ. ರೋಡಲ್ಲಿ ಈ ಆಟ ಬೇಡ.

20 ಸೆಂ.ಮೀ. ವ್ಯತ್ಯಾಸ ಬಂತು ಅನ್ನಿ. ಅದು ಸುಮಾರು 2 ಕಿಲೋಪ್ಯಾಸ್ಕಲ್. ಬಳ್ಳಾರಿ ಇರುವುದು ಹತ್ತಿರಹತ್ತಿರ 500 ಮೀಟರ್ ಎತ್ತರದಲ್ಲಿ, ಇಲ್ಲಿನ ಗಾಳಿಯ ಒತ್ತಡ 95 ಕಿಲೋಪ್ಯಾಸ್ಕಲ್ ಆಸುಪಾಸು. ಹಾಗಾದರೆ ಫಿಲ್ಟರ್ ಮತ್ತು ಬಾಕ್ಸ್ ಎರಡನ್ನೂ ಕಿತ್ತು ಬಿಸಾಡಿ, ಏನೂ ಇಲ್ಲದೆ ಓಡಿಸಿದರೂ ಆ ಜಾಗದಿಂದ ಸಿಗುವುದು 2 ಪರ್ಸೆಂಟ್. 401ರಲ್ಲಿ 8 ಪಿಎಸ್. ಪೈಪ್ ನುಣುಪಾಗಿರುವುದರಿಂದ ಇನ್ನೊಂದಿಷ್ಟು ಸೇರಿಸಿಕೊಳ್ಳಿ. 50 ಎಲ್ಲಿಂದ ಬರುತ್ತದೆ? ಟರ್ಬೊ (ಎಂಜಿನ್‌ಗೆ ಗಾಳಿ ತುರುಕುವ ಫ್ಯಾನ್) ಇರುವ ಗಾಡಿಯಾದರೆ ಟ್ಯೂನರ್ ಆ ಒತ್ತಡ, ಅಂದರೆ ಬೂಸ್ಟ್, ಏರಿಸಿ 50 ಏನು, ಅದಕ್ಕಿಂತ ಜಾಸ್ತಿಯೂ ತೋರಿಸಬಹುದು. ನಿಮ್ಮದು ತಾನೇ ಉಸಿರೆಳೆಯುವ ಎಂಜಿನ್. ಇಂಟೇಕ್, ಟ್ಯೂನ್, ಒಳ್ಳೆಯ ಪೆಟ್ರೋಲ್ ಮೂರೂ ಕೂಡಿ ಬಂದರೆ 20ರ ಆಸುಪಾಸು ಏರುವುದು ನ್ಯಾಯವಾದ ನಿರೀಕ್ಷೆ. ನಮ್ಮ ಬಿಸಿಲಲ್ಲಿ, ನಮ್ಮ 95ರಲ್ಲಿ ಅದಕ್ಕಿಂತ ಕಮ್ಮಿಯೇ.

ಬಿಸಿಲು ಅಂದೆ. ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ. ಮೇ ತಿಂಗಳ ಮಧ್ಯಾಹ್ನ ಹೊರಗೆ 42 ಡಿಗ್ರಿ ಇದೆ, ರಾಯಲ್ ಸರ್ಕಲ್ ಸಿಗ್ನಲ್‌ನಲ್ಲಿ ನಿಂತಿದ್ದೀರಿ. ಬಾನೆಟ್ ಒಳಗೆ ತೆರೆದ ಕೋನ್ ಫಿಲ್ಟರ್ ಇದ್ದರೆ ಅದು ಎಳೆಯುವುದು ರೇಡಿಯೇಟರ್ ದಾಟಿ ಬಂದ ಗಾಳಿ, ಸುಲಭವಾಗಿ 60 ಡಿಗ್ರಿ ಮುಟ್ಟುತ್ತದೆ. ಮುಚ್ಚಿದ ಬಾಕ್ಸ್ ಎಳೆಯುವ 45 ಡಿಗ್ರಿಯ ಗಾಳಿಗೂ ಈ 60 ಡಿಗ್ರಿಯ ಗಾಳಿಗೂ ಸಾಂದ್ರತೆಯಲ್ಲಿ ನಾಲ್ಕೂವರೆ ಪರ್ಸೆಂಟ್ ವ್ಯತ್ಯಾಸ. ಅಲ್ಲಿ 2 ಪರ್ಸೆಂಟ್ ಗಳಿಸಿ ಇಲ್ಲಿ ನಾಲ್ಕೂವರೆ ಕಳೆದುಕೊಂಡಿರಿ. ಸಾಲದ್ದಕ್ಕೆ ಬಿಸಿ ಗಾಳಿ ಕಂಡ ಕಂಪ್ಯೂಟರ್ ಟೈಮಿಂಗನ್ನೂ ಹಿಂದಕ್ಕೆ ಎಳೆಯುತ್ತದೆ. ಹೆದ್ದಾರಿಯಲ್ಲಿ ಓಡುವಾಗ ಈ ವ್ಯತ್ಯಾಸ ಕಮ್ಮಿಯಾಗುತ್ತದೆ, ನಿಜ. ಆದರೂ ಕಂಪನಿಯ ಮುಚ್ಚಿದ ಬಾಕ್ಸ್ ಗ್ರಿಲ್ ಹಿಂದಿನಿಂದ ನೇರವಾಗಿ ಹೊರಗಿನ ಗಾಳಿ ತೆಗೆದುಕೊಳ್ಳುತ್ತದೆ. ಹೆಸರು ಕೋಲ್ಡ್ ಏರ್ ಅಂತ ಇದ್ದರೂ ನಿಜವಾದ ಕೋಲ್ಡ್ ಏರ್ ಇಂಟೇಕ್ ನಿಮ್ಮ ಗಾಡಿಯಲ್ಲಿ ಮೊದಲಿಂದಲೇ ಇದೆ. ಹಾಕಿಸಲೇಬೇಕು ಅಂದರೆ ಮೇಲೆ ಬಾನೆಟ್‌ಗೆ ರಬ್ಬರ್ ಅಂಚು ಕೂತು ಪೂರ್ತಿ ಮುಚ್ಚಿಕೊಳ್ಳುವ ಬಾಕ್ಸ್ ಇರುವುದನ್ನೇ ಹಾಕಿಸಿ. ಮೂರು ಕಡೆ ತಗಡು ನಿಲ್ಲಿಸಿ ಹೀಟ್ ಶೀಲ್ಡ್ ಅನ್ನುವುದು ಬೇಡ.

ಟ್ಯೂನ್ ಇಲ್ಲದೆ ಇಂಟೇಕ್ ಮಾತ್ರ ಹಾಕಿಸಿ ಓಡಿಸೋಣ ಅಂತ ಕೆಲವರು ಯೋಚಿಸುತ್ತಾರೆ. ಮಸ್ಟಾಂಗ್‌ನಲ್ಲಿ ಇದು ಅಪಾಯ. ಯಾಕಂದರೆ ಈ ಎಂಜಿನ್ ಒಳಗೆ ಬರುವ ಗಾಳಿಯನ್ನು ಮಾಸ್ ಏರ್‌ಫ್ಲೋ ಸೆನ್ಸರ್‌ನಿಂದ ಅಳೆದು ಅದಕ್ಕೆ ತಕ್ಕ ಪೆಟ್ರೋಲ್ ಹಾಕುತ್ತದೆ. ಸೆನ್ಸರ್ ಇಡೀ ಪೈಪ್‌ನ ಗಾಳಿ ನೋಡುವುದಿಲ್ಲ, ತನ್ನ ಮುಂದೆ ಹಾದುಹೋಗುವ ಗಾಳಿಯನ್ನು ಮಾತ್ರ ನೋಡುತ್ತದೆ. ಉಳಿದದ್ದನ್ನು ಪೈಪ್‌ನ ಅಳತೆ ನೆನಪಿಟ್ಟು ಲೆಕ್ಕ ಹಾಕುತ್ತದೆ. ಉದಾಹರಣೆಗೆ 80 ಮಿ.ಮೀ. ಪೈಪ್ ಇದ್ದ ಜಾಗಕ್ಕೆ 90 ಮಿ.ಮೀ. ಪೈಪ್ ಹಾಕಿದಿರಿ ಅನ್ನಿ. ಪೈಪ್‌ನ ಜಾಗ ಸುಮಾರು 27 ಪರ್ಸೆಂಟ್ ಜಾಸ್ತಿಯಾಯಿತು, ಅಷ್ಟೇ ಗಾಳಿ ಈಗ ನಿಧಾನವಾಗಿ ಹೋಗುತ್ತದೆ, ಸೆನ್ಸರ್ ಗಾಳಿ ಕಮ್ಮಿ ಇದೆ ಅಂದುಕೊಳ್ಳುತ್ತದೆ. ಪೆಟ್ರೋಲ್ ಕಮ್ಮಿ ಬೀಳುತ್ತದೆ, ಮಿಶ್ರಣ ಲೀನ್ ಆಗುತ್ತದೆ. ಇಷ್ಟು ಎಲ್ಲರೂ ಹೇಳುತ್ತಾರೆ. ಯಾರೂ ಹೇಳದ ಇನ್ನೊಂದಿದೆ: ಗಾಳಿ ಕಮ್ಮಿ ಅಂದರೆ ಎಂಜಿನ್ ಮೇಲೆ ಲೋಡ್ ಕಮ್ಮಿ ಅಂತ ಕಂಪ್ಯೂಟರ್ ತಿಳಿಯುತ್ತದೆ, ಲೋಡ್ ಕಮ್ಮಿ ಇದ್ದಾಗ ಟೈಮಿಂಗ್ ಮುಂದಕ್ಕೆ ಇಡುವುದು ಅದರ ಅಭ್ಯಾಸ. ಅಂದರೆ ಪೆಟ್ರೋಲ್ ಕಮ್ಮಿ, ಟೈಮಿಂಗ್ ಜಾಸ್ತಿ, ಎರಡೂ ಒಟ್ಟಿಗೆ. ಈ ಹೊತ್ತಲ್ಲಿ ಪಿಕಪ್ ಚುರುಕಾದ ಹಾಗೆ ಅನ್ನಿಸುತ್ತದೆ, ಜನ ಖುಷಿಪಡುತ್ತಾರೆ. ಆ ಚುರುಕು ನಾಕಿಂಗ್‌ನ ಅಂಚಿನ ಚುರುಕು.

ಸೆನ್ಸರ್ ಕೂರುವ ಜಾಗದ ಅಳತೆಯನ್ನು ಕಂಪನಿಯದ್ದೇ ಉಳಿಸಿಕೊಂಡು ಮಾಡಿದ ಇಂಟೇಕ್‌ಗಳೂ ಸಿಗುತ್ತವೆ, ಟ್ಯೂನ್ ಬೇಕಿಲ್ಲ ಅಂತ ಡಬ್ಬದ ಮೇಲೆ ಬರೆದಿರುತ್ತಾರೆ. ಅದು ಪರವಾಗಿಲ್ಲ.

ಇದಕ್ಕೆ ಎಥೆನಾಲ್ ಕೂಡ ಸೇರಿಕೊಳ್ಳುತ್ತದೆ. ಈಗ ಬಂಕ್‌ನಲ್ಲಿ ಸಾಮಾನ್ಯವಾಗಿ ಸಿಗುವುದು ಇ20, ಅಂದರೆ 20 ಪರ್ಸೆಂಟ್ ಎಥೆನಾಲ್. ಬರೀ ಪೆಟ್ರೋಲ್ ಆದರೆ 1 ಕೆ.ಜಿ.ಗೆ 14.7 ಕೆ.ಜಿ. ಗಾಳಿ ಬೇಕು. ಇ10 ಆದರೆ 14.1. ಇ20 ಆದರೆ ಸುಮಾರು 13.5. ಅಂದರೆ ಅಷ್ಟೇ ಗಾಳಿಗೆ ಜಾಸ್ತಿ ಪೆಟ್ರೋಲ್ ಬೇಕು. 2017ರ ಗಾಡಿ ಇ20 ಬರುವುದಕ್ಕಿಂತ ಎಷ್ಟೋ ಮುಂಚಿನದು. ಸಾಮಾನ್ಯ ಓಡಾಟದಲ್ಲಿ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಕಂಪ್ಯೂಟರ್ ತಾನೇ ಸರಿಮಾಡಿಕೊಳ್ಳುತ್ತದೆ, ಅದಕ್ಕೆ ಫ್ಯೂಯಲ್ ಟ್ರಿಮ್ ಅನ್ನುತ್ತಾರೆ. ಆದರೆ ಎಥೆನಾಲ್‌ನಿಂದ ಆಗುವ ತಪ್ಪು ಮತ್ತು ದೊಡ್ಡ ಪೈಪ್‌ನಿಂದ ಆಗುವ ತಪ್ಪು ಎರಡೂ ಒಂದೇ ದಿಕ್ಕಿನವು, ಎರಡೂ ಲೀನ್ ಕಡೆಗೆ. ಕೂಡಿಕೊಂಡು ಟ್ರಿಮ್‌ನ ಮಿತಿ ದಾಟಿದರೆ ಪಿ0171, ಪಿ0174 ಅಂತ ಎರಡು ಕೋಡ್ ಬಂದು ಎಂಜಿನ್ ಲೈಟ್ ಹತ್ತುತ್ತದೆ. ವಿ8ರ ಎರಡೂ ಸಾಲು ಸಿಲಿಂಡರ್ ಲೀನ್ ಅಂತ ಅದರ ಅರ್ಥ. ಎಥೆನಾಲ್‌ನಿಂದ ಆಕ್ಟೇನ್ ಏರುತ್ತದೆ, ಅದು ಅದರ ಒಳ್ಳೆಯ ಗುಣ. ಆದರೆ ಆ ಲಾಭ ಬೇಕಾದರೆ ಫೈಲ್‌ನಲ್ಲಿ ಇ20 ಅಂತ ಸರಿಯಾಗಿ ಬರೆದಿರಬೇಕು. ಟ್ಯೂನರ್‌ಗೆ ಇದನ್ನು ನೀವೇ ಬಾಯಿಬಿಟ್ಟು ಹೇಳಿ, ಅವರಾಗಿ ಕೇಳುವುದು ಅಪರೂಪ.

ಈಗ ಫಿಲ್ಟರ್. ನೀವು ಒಂದೇ ಸಾಲಿನಲ್ಲಿ ಕೇಳಿದ್ದೀರಿ, ಆದರೆ ಬಳ್ಳಾರಿಯವರಿಗೆ ಇದೇ ದೊಡ್ಡ ವಿಷಯ. ಬೆಂಗಳೂರಿನವರು ಕೇಳಿದ್ದರೆ ನಾನು ಎರಡು ಮಾತಲ್ಲಿ ಮುಗಿಸುತ್ತಿದ್ದೆ.

ಒಂದು ಲೀಟರ್ ಪೆಟ್ರೋಲ್ ಉರಿಯಲು ಸುಮಾರು 11 ಕೆ.ಜಿ. ಗಾಳಿ ಬೇಕು, ನಮ್ಮ ಊರಿನ ಗಾಳಿಯಲ್ಲಿ ಅದು ಸುಮಾರು 10,000 ಲೀಟರ್. 50 ಲೀಟರ್ ಪೆಟ್ರೋಲ್ ಖಾಲಿಯಾಗುವ ಹೊತ್ತಿಗೆ ಎಂಜಿನ್ 5 ಲಕ್ಷ ಲೀಟರ್ ಗಾಳಿ ಕುಡಿದಿರುತ್ತದೆ. ಆ ಗಾಳಿಯಲ್ಲಿ ಏನಿದೆ ಅನ್ನುವುದು ನೀವು ಎಲ್ಲಿ ಓಡಿಸುತ್ತೀರಿ ಅನ್ನುವುದರ ಮೇಲೆ. ಸಂಡೂರು, ತೋರಣಗಲ್ಲು ರಸ್ತೆಯಲ್ಲಿ ಅದಿರು ಲಾರಿ ಹಿಂದೆ ಒಂದು ಗಂಟೆ ಓಡಿಸಿ ಬಂದು ಬಾನೆಟ್ ಎತ್ತಿ ನೋಡಿ, ಗೊತ್ತಾಗುತ್ತದೆ. ಆ ಕೆಂಪು ಧೂಳು ಮುಖ್ಯವಾಗಿ ಹೆಮಟೈಟ್, ಅದರ ಜೊತೆಗೆ ಅಲ್ಲಿನ ಬೆಟ್ಟಗಳ ಹೆಮಟೈಟ್ ಕ್ವಾರ್ಟ್ಜೈಟ್ ಬಂಡೆಯ ಪುಡಿ. ಕ್ವಾರ್ಟ್ಜ್‌ನ ಗಡಸು ಮೋಸ್ ಅಳತೆಯಲ್ಲಿ 7, ಹೆಮಟೈಟ್ ಐದೂವರೆಯಿಂದ ಆರೂವರೆ. ಪಿಸ್ಟನ್ ರಿಂಗ್‌ಗೂ ಸಿಲಿಂಡರ್ ಗೋಡೆಗೂ ನಡುವೆ ಇರುವ ಎಣ್ಣೆಯ ಪದರ ಕೆಲವೇ ಮೈಕ್ರಾನ್ ದಪ್ಪ. ಆ ಪದರದಷ್ಟೇ ಗಾತ್ರದ ಕಣ ಒಳಗೆ ಹೋದರೆ ಅಲ್ಲೇ ಕೂತು ಉಜ್ಜುತ್ತದೆ. ರಾಯಚೂರಿನ ಕಡೆ ಹೋದರೆ ಶಕ್ತಿನಗರದ ಹಾರುಬೂದಿ, ಅದರಲ್ಲೂ ಸಿಲಿಕಾ. ಸಿಂಧನೂರು, ಸಿರುಗುಪ್ಪ ಕಡೆ ಕೊಯ್ಲಿನ ಕಾಲದಲ್ಲಿ ಭತ್ತದ ಹೊಟ್ಟು, ಎರೆ ಮಣ್ಣಿನ ಧೂಳು. ಯಾವ ದಿಕ್ಕಿಗೆ ಹೋದರೂ ಬಿಡುಗಡೆ ಇಲ್ಲ.

ಎಣ್ಣೆ ಹಚ್ಚುವ ಹತ್ತಿಯ ಫಿಲ್ಟರ್ ಗಾಳಿಯನ್ನು ಸಲೀಸಾಗಿ ಬಿಡುತ್ತದೆ, ಅದಕ್ಕೇ ರೇಸ್‌ನವರಿಗೆ ಇಷ್ಟ. ಆದರೆ ಸಾಮಾನ್ಯವಾಗಿ ಒಳ್ಳೆಯ ಪೇಪರ್ ಫಿಲ್ಟರ್‌ನಷ್ಟು ಸಣ್ಣ ಧೂಳನ್ನು ಅದು ಹಿಡಿಯುವುದಿಲ್ಲ. ಜಾಹೀರಾತಿನಲ್ಲಿ 97 ಪರ್ಸೆಂಟ್ ಧೂಳು ಹಿಡಿಯುತ್ತೆ ಅಂತ ಒಂದರಲ್ಲಿ, 99 ಅಂತ ಇನ್ನೊಂದರಲ್ಲಿ ಬರೆದಿದ್ದರೆ ಎರಡೇ ಪರ್ಸೆಂಟ್ ತಾನೇ ಅನ್ನಿಸುತ್ತದೆ, ಅಲ್ವಾ? ತಿರುಗಿಸಿ ನೋಡಿ. ಒಂದು 3 ಪರ್ಸೆಂಟ್ ಒಳಗೆ ಬಿಡುತ್ತದೆ, ಇನ್ನೊಂದು 1 ಪರ್ಸೆಂಟ್. ಒಳಗೆ ಹೋಗುವ ಧೂಳು ಮೂರು ಪಟ್ಟು. ಇದು ಲೆಕ್ಕ ತೋರಿಸಲು ಕೊಟ್ಟ ಅಂಕಿ, ಯಾವ ಕಂಪನಿಯದ್ದೂ ಅಲ್ಲ. ಕೊಳ್ಳುವಾಗ ಐಎಸ್‌ಒ 5011 ಪರೀಕ್ಷೆಯ ಫಲಿತಾಂಶ ಕೊಡಿ ಅಂತ ಕೇಳಿ, ಏರ್ ಫಿಲ್ಟರ್‌ಗೆ ಇರುವ ಪರೀಕ್ಷೆ ಅದು. ಕೊಡದಿದ್ದರೆ ಬಿಟ್ಟು ಬನ್ನಿ.

ಎಣ್ಣೆಯದ್ದು ಇನ್ನೊಂದು ತಾಪತ್ರಯ. ತೊಳೆದು ಮತ್ತೆ ಎಣ್ಣೆ ಹಚ್ಚುವಾಗ ನಮ್ಮವರ ಕೈ ಸ್ವಲ್ಪ ಧಾರಾಳ. ಜಾಸ್ತಿಯಾದ ಎಣ್ಣೆ ಗಾಳಿ ಜೊತೆ ಹೋಗಿ ಏರ್‌ಫ್ಲೋ ಸೆನ್ಸರ್‌ನ ಬಿಸಿ ಭಾಗಕ್ಕೆ ಅಂಟುತ್ತದೆ, ಅದರ ಮೇಲೆ ಧೂಳು ಕೂರುತ್ತದೆ. ಸೆನ್ಸರ್ ಮತ್ತೆ ಗಾಳಿ ಕಮ್ಮಿ ಅಂತ ಸುಳ್ಳು ಹೇಳುತ್ತದೆ, ಮೇಲಿನ ಕಥೆಯೇ ಮತ್ತೆ. ಅದನ್ನು ತೊಳೆಯಲು ಏರ್‌ಫ್ಲೋ ಸೆನ್ಸರ್ ಕ್ಲೀನರ್ ಅಂತಲೇ ಬೇರೆ ಸ್ಪ್ರೇ ಬರುತ್ತದೆ. ಕಾರ್ಬುರೇಟರ್ ಕ್ಲೀನರ್ ಹೊಡೆಯಬೇಡಿ, ಹತ್ತಿ ಸುತ್ತಿದ ಕಡ್ಡಿ ತಾಗಿಸಬೇಡಿ. ನಿಮ್ಮ ಓಡಾಟಕ್ಕೆ ನನ್ನ ಉತ್ತರ: ಎಣ್ಣೆ ಬೇಡ, ಕಂಪನಿಯ ಪೇಪರ್ ಫಿಲ್ಟರ್ ಅಥವಾ ಒಣಗಿದ ಸಿಂಥೆಟಿಕ್ ಫಿಲ್ಟರ್.

ಆದರೆ ಫಿಲ್ಟರ್ ಯಾವುದು ಅನ್ನುವುದಕ್ಕಿಂತ ಅದು ಹೇಗೆ ಕೂತಿದೆ ಅನ್ನುವುದು ಮುಖ್ಯ. ಈ ಭಾನುವಾರ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಒಂದು ಕೆಲಸ ಮಾಡಿ. ಏರ್ ಬಾಕ್ಸ್ ಮೇಲೆ, ಕ್ಲಿಪ್ ಸುತ್ತ ಇರುವ ಧೂಳನ್ನು ಮೊದಲು ಒರೆಸಿ, ಇಲ್ಲದಿದ್ದರೆ ತೆಗೆಯುವಾಗ ಅದೇ ಒಳಗೆ ಬೀಳುತ್ತದೆ. ಮುಚ್ಚಳ ಎತ್ತಿ, ಫಿಲ್ಟರನ್ನು ಅಲ್ಲಾಡಿಸದೆ ಮೇಲೆತ್ತಿ. ಧೂಳು ಬರುವ ಕಡೆ ಮಡಿಕೆಗಳು ಕೆಂಪಾಗಿರುತ್ತವೆ, ಅದು ಸಹಜ. ಈಗ ಇನ್ನೊಂದು ಕಡೆ ನೋಡಿ, ಎಂಜಿನ್ ಕಡೆಯದ್ದು. ಅಂಚಿನ ರಬ್ಬರ್ ಪೂರ್ತಿ ಸುತ್ತ ಒಂದೇ ಸಮ ಒತ್ತಿದ ಗುರುತು ಇದೆಯಾ? ಒಂದು ಮೂಲೆಯಲ್ಲಿ ಗುರುತು ಮಾಸಿ ಅಲ್ಲಿಂದ ಒಳಕ್ಕೆ ಕೆಂಪು ಗೆರೆ ಎಳೆದಿದ್ದರೆ ಧೂಳು ಫಿಲ್ಟರ್ ಮೂಲಕ ಅಲ್ಲ, ಪಕ್ಕದಿಂದ ಹೋಗುತ್ತಿದೆ. ಬಿಳಿ ಬಟ್ಟೆ ತಗೊಂಡು ಥ್ರಾಟಲ್‌ಗೆ ಹೋಗುವ ಪೈಪ್‌ನ ಒಳಗೋಡೆ ಒರೆಸಿ, ಸೆನ್ಸರ್‌ಗೆ ತಾಗದ ಹಾಗೆ. ಬಟ್ಟೆ ಬೆಳ್ಳಗೇ ಬಂದರೆ ನೀವು ಅದೃಷ್ಟವಂತರು. ಕುಂಕುಮ ಒರೆಸಿದ ಹಾಗೆ ಬಂದರೆ ಇಂಟೇಕ್, ಟ್ಯೂನ್ ಎಲ್ಲಾ ಪಕ್ಕಕ್ಕಿಟ್ಟು ಮೊದಲು ಆ ಸೋರಿಕೆ ನಿಲ್ಲಿಸಿ. ಹೆಚ್ಚಿನ ಸಲ ಕಾರಣ ಸಣ್ಣದು: ಯಾರೋ ಅವಸರದಲ್ಲಿ ಕೂರಿಸಿದ ಫಿಲ್ಟರ್, ಮುರಿದ ಕ್ಲಿಪ್, ಸಡಿಲವಾದ ಕ್ಲ್ಯಾಂಪ್. ಹೊರಗಿನ ಇಂಟೇಕ್ ಕಿಟ್‌ಗಳಲ್ಲಿ ಸಿಲಿಕೋನ್ ಕೀಲುಗಳು ಎರಡು ಮೂರು ಇರುತ್ತವೆ, ಪ್ರತಿಯೊಂದೂ ಮುಂದೆ ಸಡಿಲವಾಗಬಹುದಾದ ಜಾಗ.

ಇದನ್ನು ವಾರ ವಾರ ಮಾಡಬೇಡಿ. ಸ್ವಲ್ಪ ಧೂಳು ಕೂತ ಪೇಪರ್ ಫಿಲ್ಟರ್ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ, ಕೂತ ಧೂಳೇ ಇನ್ನೊಂದು ಜಾಲರಿ ಆಗುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿ ಕ್ಲೀನ್ ಮಾಡಿಸುವುದಂತೂ ಬೇಡವೇ ಬೇಡ, ಪೇಪರ್‌ನಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಕಂಪನಿ ಪುಸ್ತಕದಲ್ಲಿ ಧೂಳಿನ ಜಾಗಕ್ಕೆ ಅಂತ ಇರುವ ಲೆಕ್ಕ ನೋಡಿ ಬದಲಿಸಿ. ಎಂಜಿನ್ ಆಯಿಲ್ ಬದಲಿಸುವಾಗ ಹಳೆಯ ಆಯಿಲ್‌ನ ಸ್ಯಾಂಪಲ್ ಲ್ಯಾಬ್‌ಗೆ ಕಳಿಸುವ ಅಭ್ಯಾಸ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಸಿಲಿಕಾನ್ ಅಂಕಿ ಏರುತ್ತಿದ್ದರೆ ಧೂಳು ಹೋಗುತ್ತಿದೆ ಅಂತ ಅರ್ಥ. ಕಬ್ಬಿಣದ ಅಂಕಿ ನೋಡಿ ಮಾತ್ರ ಗಾಬರಿಯಾಗಬೇಡಿ. ಬೇರೆ ಊರಲ್ಲಿ ಕಬ್ಬಿಣ ಏರಿದರೆ ಎಂಜಿನ್ ಸವೆದಿದೆ ಅನ್ನಬಹುದು, ನಮ್ಮಲ್ಲಿ ಅದು ಸಂಡೂರಿನ ಬೆಟ್ಟದ್ದೂ ಇರಬಹುದು. ಸಿಲಿಕಾನ್ ಜೊತೆ ಇಟ್ಟು ಓದಬೇಕು.

ಟ್ಯೂನ್‌ಗೆ ಬರೋಣ. ನಿಮ್ಮ ಗಾಡಿ ಸೆಕೆಂಡ್ ಹ್ಯಾಂಡ್. ಈಗ ಅದರ ಕಂಪ್ಯೂಟರ್‌ನಲ್ಲಿ ಕಂಪನಿ ಫೈಲ್ ಇದೆ ಅಂತ ಹೇಗೆ ಗೊತ್ತು? ಹಿಂದಿನವರು ಇಂಟೇಕ್ ಹಾಕಿಸಿ ಟ್ಯೂನ್ ಮಾಡಿಸಿ, ಮಾರುವಾಗ ಇಂಟೇಕ್ ಮಾತ್ರ ಬಿಚ್ಚಿ ಹಳೆಯ ಬಾಕ್ಸ್ ಕೂರಿಸಿ, ಫೈಲ್ ಹಾಗೇ ಬಿಟ್ಟಿರುವ ಗಾಡಿಗಳು ಬರುತ್ತವೆ. ಆಗ ತಪ್ಪು ಉಲ್ಟಾ ಆಗಿ ಪೆಟ್ರೋಲ್ ಜಾಸ್ತಿ ಬೀಳುತ್ತದೆ. ಒಬಿಡಿ ಸ್ಕ್ಯಾನರ್‌ನಲ್ಲಿ ಕ್ಯಾಲಿಬ್ರೇಷನ್ ಐಡಿ ಅಂತ ಬರುತ್ತದೆ, ಅದು ಕಂಪ್ಯೂಟರ್‌ನಲ್ಲಿರುವ ಫೈಲ್‌ನ ಗುರುತಿನ ನಂಬರ್, ಅದನ್ನು ಸರ್ವಿಸ್ ಸೆಂಟರ್‌ನಲ್ಲಿ ತಾಳೆ ನೋಡಿಸಿ. ಜೊತೆಗೆ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ನೋಡಿ. ಎರಡೂ ಸಾಲಿನಲ್ಲಿ ಪ್ಲಸ್ ಅಥವಾ ಮೈನಸ್ 5 ಪರ್ಸೆಂಟ್ ಒಳಗೆ ಇದ್ದರೆ ಆರಾಮ. ಇ20 ತುಂಬಿಸಿದ ಮೇಲೆ ಪ್ಲಸ್ ಕಡೆ ಸ್ವಲ್ಪ ಜಾಸ್ತಿ ಕಂಡರೂ ಆಶ್ಚರ್ಯವಿಲ್ಲ. ಎರಡಂಕಿ ಮೈನಸ್ ಇದ್ದರೆ ಹಿಂದಿನ ಮಾಲೀಕರಿಗೆ ಒಂದು ಫೋನ್ ಮಾಡಿ.

ಟ್ಯೂನ್‌ನಲ್ಲಿ ಬದಲಾಗುವುದು ಟೈಮಿಂಗ್ ಒಂದೇ ಅಲ್ಲ. ಏರ್‌ಫ್ಲೋ ಸೆನ್ಸರ್‌ನ ಲೆಕ್ಕ, ಕ್ಯಾಮ್ (ವಾಲ್ವ್ ತೆರೆಯುವ ದಂಡ) ತಿರುಗುವ ಕೋನ, ಪೂರ್ತಿ ಥ್ರಾಟಲ್‌ನಲ್ಲಿ ಮಿಶ್ರಣ ಎಷ್ಟು ರಿಚ್ (ಪೆಟ್ರೋಲ್ ಜಾಸ್ತಿ) ಇರಬೇಕು, ಪೆಡಲ್ ಒತ್ತಿದ್ದಕ್ಕೆ ಥ್ರಾಟಲ್ ಎಷ್ಟು ತೆರೆಯಬೇಕು, ಗೇರ್ ಯಾವಾಗ ಬದಲಾಗಬೇಕು, ಎಲ್ಲವೂ ಅದರೊಳಗಿವೆ. ನಿಮ್ಮ 6 ಸ್ಪೀಡ್ ಆಟೋಮ್ಯಾಟಿಕ್‌ನಲ್ಲಿ ಕೊನೆಯ ಎರಡನ್ನು ಸರಿಯಾಗಿ ಕೂರಿಸಿದರೇ ಗಾಡಿ ಬೇರೆಯದೇ ಅನ್ನಿಸುತ್ತದೆ. ನಿಜ ಹೇಳಬೇಕೆಂದರೆ ಟ್ಯೂನ್ ಮಾಡಿಸಿ ಖುಷಿಪಟ್ಟವರಲ್ಲಿ ಅರ್ಧ ಜನ ಖುಷಿಪಟ್ಟಿದ್ದು ಇದಕ್ಕೇ. ಪವರ್ ಏರದಿದ್ದರೂ ಪೆಡಲ್ ಚುರುಕಾಗುತ್ತದೆ, ಗೇರ್ ತಡಮಾಡದೆ ಬೀಳುತ್ತದೆ. ಎಂಜಿನ್‌ಗೆ ಇದರಿಂದ ಅಪಾಯವೂ ಕಮ್ಮಿ.

ಟ್ಯೂನ್ ಎಲ್ಲಿ ಮಾಡಿಸುತ್ತೀರಿ ಅನ್ನುವುದೂ ಮುಖ್ಯ. ಡೈನೋ ಬೇಕು ಅಂದರೆ ಬೆಂಗಳೂರೋ ಹೈದರಾಬಾದೋ ಹೋಗಬೇಕು. ಬೆಂಗಳೂರು ಸುಮಾರು 920 ಮೀಟರ್ ಎತ್ತರ, ಬಳ್ಳಾರಿ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ರಾಯಚೂರು ಇನ್ನೂ ಕೆಳಗೆ, 400 ಮೀಟರ್. ಬೆಂಗಳೂರಿಗಿಂತ ಬಳ್ಳಾರಿಯಲ್ಲಿ ಗಾಳಿಯ ಒತ್ತಡ ಸುಮಾರು 5 ಪರ್ಸೆಂಟ್ ಜಾಸ್ತಿ. ಒತ್ತಡ ಜಾಸ್ತಿ ಅಂದರೆ ಸಿಲಿಂಡರ್ ಚೆನ್ನಾಗಿ ತುಂಬುತ್ತದೆ, ಪವರ್ ಬರುತ್ತದೆ, ಅದರ ಜೊತೆ ನಾಕಿಂಗ್ ಹತ್ತಿರ ಬರುತ್ತದೆ. ಅದರ ಮೇಲೆ ನಮ್ಮ ಬಿಸಿಲು. ಡಿಸೆಂಬರ್ ಸಂಜೆ ಬೆಂಗಳೂರಲ್ಲಿ 24 ಡಿಗ್ರಿಯಲ್ಲಿ ನಾಕಿಂಗ್‌ನ ಅಂಚಿಗೆ ತಂದು ನಿಲ್ಲಿಸಿದ ಟೈಮಿಂಗ್ ಮೇ ಮಧ್ಯಾಹ್ನ ಸಿರುಗುಪ್ಪ ರೋಡಲ್ಲಿ ಅಂಚು ದಾಟಿರುತ್ತದೆ. ಏರ್‌ಫ್ಲೋ ಸೆನ್ಸರ್ ಇರುವ ಗಾಡಿ ಎತ್ತರಕ್ಕೆ ತಾನೇ ಹೊಂದಿಕೊಳ್ಳುತ್ತೆ ಅಂತ ಟ್ಯೂನರ್ ಹೇಳಬಹುದು. ಪೆಟ್ರೋಲ್ ಮಟ್ಟಿಗೆ ಅದು ಸರಿ. ಬಿಸಿ ಗಾಳಿಯಲ್ಲಿ ಟೈಮಿಂಗ್ ಎಷ್ಟು ಬಿಟ್ಟುಕೊಡಬೇಕು ಅನ್ನುವುದನ್ನು ಮಾತ್ರ ಅವರೇ ಬರೆಯಬೇಕು. ಆದ್ದರಿಂದ ಟ್ಯೂನ್ ಮಾಡಿಸುವುದಾದರೆ ಏಪ್ರಿಲ್, ಮೇ ತಿಂಗಳಲ್ಲಿ ಮಾಡಿಸಿ, ಟ್ಯಾಂಕ್‌ನಲ್ಲಿ ಬಳ್ಳಾರಿಯ ಬಂಕ್‌ನ ಪೆಟ್ರೋಲ್ ಇಟ್ಟುಕೊಂಡೇ ಹೋಗಿ. ಬೇಸಿಗೆಯಲ್ಲಿ ಸರಿ ಇದ್ದದ್ದು ಚಳಿಗಾಲದಲ್ಲೂ ಸರಿ ಇರುತ್ತದೆ.

ಡೈನೋ ಮೇಲೆ ಮೊದಲು ಗಾಡಿ ಹೇಗಿದೆಯೋ ಹಾಗೇ ಓಡಿಸಿ ಅಂಕಿ ತೆಗೆಸಿ. ಆಮೇಲೆ ಟ್ಯೂನ್, ಇಂಟೇಕ್ ಹಾಕಿಸುವುದಾದರೆ ಅದು ಕೊನೆಗೆ, ಅದಕ್ಕೆ ತಕ್ಕ ಫೈಲ್ ಜೊತೆ, ಒಂದೊಂದಾಗಿ. ಎಲ್ಲವನ್ನೂ ಒಟ್ಟಿಗೆ ಮಾಡಿ ಕೊನೆಯಲ್ಲಿ ಒಂದು ಗ್ರಾಫ್ ಕೊಟ್ಟರೆ ಯಾವುದಕ್ಕೆ ದುಡ್ಡು ಕೊಟ್ಟಿರಿ ಅಂತ ನಿಮಗೆ ಗೊತ್ತಾಗುವುದಿಲ್ಲ. ಪವರ್ ಗ್ರಾಫ್‌ಗಿಂತ ಡೇಟಾ ಲಾಗ್ ಕೇಳಿ ತಗೊಳ್ಳಿ. ಅದರಲ್ಲಿ ಒಳಗೆ ಬರುವ ಗಾಳಿಯ ಉಷ್ಣತೆ, ಟೈಮಿಂಗ್, ನಾಕ್ ಸೆನ್ಸರ್ ಎಷ್ಟು ಹಿಂದಕ್ಕೆ ಎಳೆಯಿತು, ಮಿಶ್ರಣದ ಲ್ಯಾಂಬ್ಡಾ (1 ಇದ್ದರೆ ಗಾಳಿಗೆ ಬೇಕಾದಷ್ಟೇ ಪೆಟ್ರೋಲ್, ಅದಕ್ಕಿಂತ ಕಮ್ಮಿ ಇದ್ದರೆ ಪೆಟ್ರೋಲ್ ಜಾಸ್ತಿ) ಎಷ್ಟು ಅನ್ನುವ ಕಾಲಂಗಳು ಇರಲೇಬೇಕು. ಪೂರ್ತಿ ಥ್ರಾಟಲ್‌ನಲ್ಲಿ ಲ್ಯಾಂಬ್ಡಾ 0.85ರಿಂದ 0.88ರ ನಡುವೆ ಇದ್ದರೆ ಸಮಾಧಾನ. 0.95ರ ಹತ್ತಿರ ಹೋಗುತ್ತಿದ್ದರೆ ಅಲ್ಲೇ ನಿಲ್ಲಿಸಿ.

ಕಾನೂನಿನ ಮಾತು ಚಿಕ್ಕದಾಗಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್‌ನಲ್ಲಿ, ಅನುಮತಿ ಇಲ್ಲದೆ ಬದಲಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ಅಂತ ಇದೆ. ಬಳ್ಳಾರಿಯಲ್ಲಿ ಮಸ್ಟಾಂಗ್ ಕಣ್ಣಿಗೆ ಬೀಳದೆ ಓಡಾಡುವ ಗಾಡಿಯೂ ಅಲ್ಲ. ಮಾಡಿಸುವ ಮುಂಚೆ ಆರ್‌ಟಿಒದಲ್ಲಿ ಕೇಳಿ, ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಿ. ತಿಳಿಸದೆ ಮಾಡಿಸಿದ ಬದಲಾವಣೆ ಕ್ಲೇಮ್ ಹೊತ್ತಲ್ಲಿ ನಿಮ್ಮ ಕುತ್ತಿಗೆಗೆ ಬರಬಹುದು. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದರೆ ಇನ್ನೂ ಪವರ್ ಅಂತ ಯಾರಾದರೂ ಹೇಳಿದರೆ ಕೀ ವಾಪಸ್ ಇಸ್ಕೊಂಡು ಬನ್ನಿ.

ಹಾಗಾದರೆ ನೀವು ಏನು ಮಾಡಬೇಕು? ಏರ್ ಬಾಕ್ಸ್ ಬಿಚ್ಚಿ ಸೋರಿಕೆ ನೋಡಿ, ಹೊಸ ಪೇಪರ್ ಫಿಲ್ಟರ್ ಹಾಕಿ, ಸೆನ್ಸರ್ ಕ್ಲೀನ್ ಮಾಡಿಸಿ. ಕ್ಯಾಲಿಬ್ರೇಷನ್ ಐಡಿ ಮತ್ತು ಟ್ರಿಮ್ ನೋಡಿ. ಇಷ್ಟಕ್ಕೇ ಗಾಡಿ ಕಳೆದುಕೊಂಡಿದ್ದ ಪವರ್ ವಾಪಸ್ ಬರುವುದೂ ಉಂಟು. ಆಮೇಲೂ ಆಸೆ ಇದ್ದರೆ ಕಂಪನಿ ಬಾಕ್ಸ್ ಉಳಿಸಿಕೊಂಡು ಬರೀ ಟ್ಯೂನ್ ಮಾಡಿಸಿ, 95 ಆರ್‌ಒಎನ್, ಇ20, 42 ಡಿಗ್ರಿ ಅಂತ ಬರೆದುಕೊಟ್ಟು. ಇಂಟೇಕ್ ಕೊನೆಗೆ, ಯು ಪೈಪ್‌ನಲ್ಲಿ ನೀರು ನಿಜವಾಗಿಯೂ ಏರಿದ್ದರೆ ಮಾತ್ರ. ವಿ8 ಗಾಳಿ ಎಳೆಯುವ ಸದ್ದು ಕೇಳಬೇಕು ಅನ್ನುವ ಆಸೆ ಇದ್ದರೆ ಅದು ತಪ್ಪಲ್ಲ, ಆದರೆ ಸದ್ದಿಗೆ ಅಂತ ಹೇಳಿಯೇ ದುಡ್ಡು ಕೊಡಿ, ಪವರ್‌ಗೆ ಅಂತ ಅಲ್ಲ.

ಟ್ಯೂನರ್ ಹತ್ತಿರ ಹೋದಾಗ ಮೂರು ವಿಷಯ ಕೇಳಿ. ಮೊದಲಿನ ಕಂಪನಿ ಫೈಲನ್ನು ಓದಿ ಉಳಿಸಿ ನನಗೊಂದು ಕಾಪಿ ಕೊಡುತ್ತೀರಾ? ನಾಕ್ ಸೆನ್ಸರ್‌ನ ಸೂಕ್ಷ್ಮತೆ ಮುಟ್ಟುತ್ತೀರಾ? ಬಳ್ಳಾರಿಗೆ ಹೋದ ಮೇಲೆ ಲಾಗ್ ಕಳಿಸಿದರೆ ಫೈಲ್ ತಿದ್ದಿ ಕೊಡುತ್ತೀರಾ? ಮೊದಲನೆಯದಕ್ಕೆ ಹೂಂ, ಎರಡನೆಯದಕ್ಕೆ ಇಲ್ಲ, ಮೂರನೆಯದಕ್ಕೆ ಹೂಂ ಅನ್ನುವವರಿಗೆ ಮಾತ್ರ ಅಡ್ವಾನ್ಸ್ ಕೊಡಿ.